ಪ್ಲೈವುಡ್ಡಿನ ಗಿಟಾರು

ಇಲ್ಲಿ ಕೂಡಿದ ಹಿರಿಯರೇ, ಗೆಳೆಯರೇ, ಮುಂದೆ ಕುಳಿತಿರುವ ಅಂದಾನೆಪ್ಪನ ಮನೆಯಾಕೆ ತಾಯವ್ವಕ್ಕ — ನಿಮಗೆಲ್ಲ ಈ ಅಮೀರಸಾಬನ ನಮಸ್ಕಾರ. ಬ್ಯಾಂಡಿನಲ್ಲಿ ಅಂದಾನೆಪ್ಪನ ಪಕ್ಕ ನಿಂತು ಕ್ಲಾರಿಯೊನೆಟ್ ಊದಿದವನು ನಾನು. ಇವತ್ತು ಆ ಪಕ್ಕ ಖಾಲಿ.

ಅವನ ಫೋಟೋದ ಮಗ್ಗುಲಲ್ಲಿ ಈ ಗಿಟಾರು ನೋಡಿ. ಇದನ್ನೂ ಅವನ ಜೊತೆ ಮಣ್ಣು ಮಾಡಬೇಕಿತ್ತು ಎಂದು ಕೆಲವರು. ನಾವು ನುಡಿಸುವ ಕ್ಲಬ್ಬಿನ ಗೋಡೆಗೆ ತೂಗುಹಾಕಿ ಎಂದು ಕೆಲವರು. ಏನು ಮಾಡಬೇಕು? — ಅದು ಇವತ್ತೇ ತೀರ್ಮಾನವಾಗಬೇಕು.

ಅವನ ಹಳೆಯ ಗಿಟಾರಿನ ದನಿ ಡ್ರಮ್ಮಿನ ಸದ್ದಿನಲ್ಲಿ ಸತ್ತೇ ಹೋಗುತ್ತಿತ್ತು. ಎದೆ ಉಬ್ಬಿದ, ಪಿಟೀಲಿನ ಹಾಗೆ ಎರಡು ಸೀಳಿರುವ ಜಾಝ್ ಗಿಟಾರು ಬೇಕೆಂದು ಇಬ್ಬರೂ ಬೆಳಗಾವಿಗೆ ಹೋದೆವು. ಅಂಗಡಿಯಲ್ಲಿ ಎರಡಿದ್ದವು. ಒಂದು ಮರ ಕೆತ್ತಿ ಮಾಡಿದ್ದು — ಅಬ್ಬಬ್ಬಾ, ಏನು ದನಿ! ಇನ್ನೊಂದು ಪ್ಲೈವುಡ್ಡಿನದು. ಅವನು ಅದನ್ನೇ ತಬ್ಬಿಕೊಂಡು ಕೂತ. ನಾವೋ ದಾಂಡೇಲಿಯ ಪ್ಲೈವುಡ್ ಕಾರ್ಖಾನೆಯವರು. ನನಗೆ ರೇಗಿತು.

"ಲೇ, ದಿನಾ ಅಂಟು ಬಳದು ಬಳದು ಕೈ ನಾರತಾವ. ಗಿಟಾರೂ ಪ್ಲೈವುಡ್ಡಿಂದ ಬೇಕೇನು ನಿನಗ?"

ಅವನು ನಕ್ಕ. "ಅಮೀರಣ್ಣಾ, ನನ್ನ ಕೈಗೆ ನಿಲುಕೂದು ಇದ. ಆ ಚಲೋದ್ದು ತಗೊಂಡ್ರ ಮಳ್ಯಾಗ ಜೋಯಿಡಾಕ್ಕ ಒಯ್ಯಾಕ ಜೀವ ಹೆದರತೈತಿ, ಅರಿವ್ಯಾಗ ಸುತ್ತಿ ಮನ್ಯಾಗ ಇಡ್ತೇನಿ. ನನಗ ಬಸ್ಸಿನ ಮ್ಯಾಲ ಹಾಕೂವಂಥಾದ್ದು ಬೇಕು."

ದನಿ ತುಸು ಒರಟು, ನಿಜ. ಆದರೆ ಅದು ಹೋಗದ ಊರಿಲ್ಲ. ಶನಿವಾರ ಕ್ಲಬ್ಬಿನಲ್ಲಿ ಜಾಝ್, ಉಳಿದ ದಿನ ಹಳಿಯಾಳ, ಮುಂಡಗೋಡದ ಮದುವೆಗಳು. ನುಡಿಸಲು ಬಾ ಎಂದು ಮದುವೆ ಮನೆಯವರು ಕೊಡುವ ವೀಳ್ಯ ಒಮ್ಮೆ ಕೈಯಲ್ಲಿ ಹಿಡಿದನೆಂದರೆ ಮುಗಿಯಿತು — ಜ್ವರವಿದ್ದರೂ ಹೊರಟೇ ಹೊರಡುವವನು.

ಕುಂಬಾರವಾಡದ ಮದುವೆಗೂ ವೀಳ್ಯ ಹಿಡಿದಿದ್ದ. ಆ ಮದುವೆ ನಾಳೆ. ಇವತ್ತು ಬೆಳಿಗ್ಗೆ ತಾಯವ್ವಕ್ಕನ ಹತ್ತಿರ ಹೋಗಿ, ಬ್ಯಾಂಡು ಬರುವುದಿಲ್ಲವೆಂದು ಮದುವೆ ಮನೆಯವರಿಗೆ ಹೇಳಿ ಕಳಿಸುತ್ತೇವೆ ಎಂದೆ. ಅಕ್ಕ ಸಿಟ್ಟಿಗೆದ್ದರು.

"ಯಾಕ್ರಿ ಅಣ್ಣಾ? ವೀಳ್ಯಾ ಹಿಡದವರು ನಮ್ಮವರು. ಅವರು ಬರಾಂಗಿಲ್ಲ, ಅವರ ಗಿಟಾರು ಬರತೈತಿ. ಒಯ್ರಿ."

ಇಷ್ಟು ಹೇಳಿ ಒಳಗೆ ಹೋಗಿ ಅತ್ತರು. ನಾನೂ ಹೊರಗೆ ನಿಂತು ಅತ್ತೆ.

ಹಾಗಾಗಿ ಇದು ಮಣ್ಣಿಗೂ ಇಲ್ಲ, ಗೋಡೆಗೂ ಇಲ್ಲ. ನಮ್ಮ ಬ್ಯಾಂಜೋ ವಾದಕ ಮಜೀದ ನಾಳೆ ಇದನ್ನು ನುಡಿಸುತ್ತಾನೆ. ಬಾ ಮಜೀದ, ಎತ್ತಿಕೊ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ, ಮೌನವಾಗಿ ಅವನನ್ನು ನೆನೆಯೋಣ. ಮೌನ ಸಾಕು ಎಂದು ಹೇಳುವ ಧೈರ್ಯ ನನಗಿಲ್ಲ — ಮಜೀದ ತಂತಿ ಮೀಟಿದಾಗ ಕುಳಿತುಕೊಳ್ಳಿ.