ಎರಡನೇ ಭಾಗಕ್ಕೆ ನನ್ನ ಉತ್ತರ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಈ ಚಿತ್ರಮಂದಿರದ ಮಾಲೀಕರೇ, ನಿರ್ಮಾಪಕರೇ, ದೂರದಿಂದ ಬಂದಿರುವ ಅತಿಥಿಗಳೇ, ನನ್ನ ತಮ್ಮನ ಜೊತೆ ಆರು ವರ್ಷ ಬಿಸಿಲಲ್ಲಿ ಬೆಂದವರೇ, ಮುಂದಿನ ಸಾಲಿನಿಂದ ಬಾಲ್ಕನಿಯವರೆಗೆ ತುಂಬಿ ಕುಳಿತಿರುವ ಸಭಿಕರೇ,

ಇವತ್ತು ನನ್ನ ತಮ್ಮನ ಸಿನಿಮಾಕ್ಕೆ ನೂರನೇ ದಿನ, ನನಗೆ ಉಪವಾಸದ ದಿನ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮಾಲೀಕರ ಮನೆಯವರು ಆಗಿನಿಂದ ಮೂರು ಸಲ ತಟ್ಟೆ ಹಿಡಿದು ಬಂದರು, ಮೂರು ಸಲವೂ ಬೇಡವೆಂದೆ. ಜಂಬ ಎಂದು ತಿಳಿಯಬೇಡಿ. ಮೂವತ್ತಮೂರು ವರ್ಷದಿಂದ ಪ್ರತಿ ವಾರ ಈ ದಿನ, ದೀಪ ಹಚ್ಚುವವರೆಗೆ ನೀರು ಬಿಟ್ಟರೆ ಬೇರೇನೂ ಮುಟ್ಟುವುದಿಲ್ಲ. ಬೆಳಿಗ್ಗೆ ಎದ್ದು ಕಸ ಗುಡಿಸಿದೆ, ನೀರು ತುಂಬಿಸಿದೆ, ದೇವರ ಮುಂದೆ ಕೈಮುಗಿದೆ, ಎರಡು ಬಕೆಟ್ ಬಟ್ಟೆ ಒಗೆದು ಹಿಂಡಿ ತಂತಿಯ ಮೇಲೆ ಹರವಿದೆ, ಒಲೆ ಒರೆಸಿದೆ. ಆಮೇಲೆ ಕುಳಿತು, ನಿರ್ಮಾಪಕರ ಕಚೇರಿಯಿಂದ ಬಂದ ಕಾಗದಕ್ಕೆ ಉತ್ತರ ಬರೆದೆ. ಎರಡು ಬಕೆಟ್ ಬಟ್ಟೆಗೆ ಒಂದು ಗಂಟೆ. ಮೂರು ಸಾಲಿನ ಉತ್ತರಕ್ಕೆ ಎರಡು ಗಂಟೆ. ಬರುವಾಗ ಗೇಟಿನ ಹತ್ತಿರವೇ ನಿರ್ಮಾಪಕರ ಮ್ಯಾನೇಜರ್ ಕೈಗೆ ಲಕೋಟೆ ಕೊಟ್ಟೆ. "ಕೊನೆಗೂ ಕೊಟ್ರಲ್ಲಾ ಅಕ್ಕಾ, ದೇವರು ದೊಡ್ಡೋನು" ಎಂದು ಅವರು ಅದನ್ನು ತಮ್ಮ ಕಪ್ಪು ಚೀಲಕ್ಕೆ ಹಾಕಿಕೊಂಡರು. ದೇವರು ದೊಡ್ಡವನೇ. ನನಗೆ ಭಯವಿರುವುದೂ ಅದಕ್ಕೇ.

ನಾನು ನಿರ್ದೇಶಕರ ಅಕ್ಕ. ಸಿನಿಮಾದಲ್ಲಿ ಹೆಗಲ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಓಡಾಡುತ್ತಾಳಲ್ಲ ಹದಿನೈದು ವರ್ಷದ ಹುಡುಗಿ, ಅದು ನಾನು. ಆ ಮಗು ಬಹಳ ಚೆನ್ನಾಗಿ ಅಭಿನಯಿಸಿದೆ. ಒಂದೇ ದೋಷ, ನನಗಿಂತ ಲಕ್ಷಣವಾಗಿದೆ. (ನಗಿ, ಪರವಾಗಿಲ್ಲ.) ನಾನು ಭಾಷಣ ಕಲಿತವಳಲ್ಲ. ಹಳ್ಳಿ ಶಾಲೆಯಲ್ಲಿ ಓದಿದವಳು, ಹತ್ತನೇ ತರಗತಿಯ ಪರೀಕ್ಷೆಗೆ ಮೂರು ತಿಂಗಳಿರುವಾಗ ಬಿಟ್ಟವಳು. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ, ಮೂವತ್ತೆರಡು ವರ್ಷವಾಯಿತು. ನಿರ್ಮಾಪಕರು "ಎರಡನೇ ಭಾಗಕ್ಕೆ ಎರಡು ಒಳ್ಳೆ ಮಾತಾಡಿ, ಹರಸಿ" ಎಂದಿದ್ದಾರೆ. ಹರಸುವುದಕ್ಕೆ ಮುಂಚೆ ಸ್ವಲ್ಪ ಜಗಳವಾಡುತ್ತೇನೆ. ನಮ್ಮ ಮನೆಯ ಪದ್ಧತಿಯೇ ಅದು.

ಸಿನಿಮಾ ನೋಡದವರು ಇಲ್ಲಿ ಯಾರೂ ಇರಲಾರರು. ಆದರೂ ಹೇಳಿಬಿಡುತ್ತೇನೆ. ಒಬ್ಬ ತಾಯಿ ಒಂದು ಬೆಳಿಗ್ಗೆ ಅರ್ಧ ಬಟ್ಟೆ ಒಣಹಾಕಿ, ಅರ್ಧ ಬಕೆಟ್ಟಿನಲ್ಲೇ ಬಿಟ್ಟು ಹೊರಗೆ ಹೋಗುತ್ತಾಳೆ. ಮತ್ತೆ ಬರುವುದಿಲ್ಲ. ಗಂಡ, ಮಗಳು, ಆರು ವರ್ಷದ ಮಗ ಕಾಯುತ್ತಾರೆ. ಅವಳು ಬಂದರೆ ತಳ್ಳಿಕೊಂಡು ಒಳಗೆ ಬರಲಿ ಎಂದು ಗಂಡ ಬಾಗಿಲಿಗೆ ಅಗುಳಿ ಹಾಕುವುದನ್ನೇ ಬಿಡುತ್ತಾನೆ. ಕೊನೆಗೆ ತೆರೆದ ಬಾಗಿಲು ಕಾಣಿಸುತ್ತದೆ, ಚಿತ್ರಮಂದಿರದ ದೀಪ ಹತ್ತುತ್ತದೆ, ನೀವೆಲ್ಲ ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತೀರಿ. ಇಷ್ಟೇ. ಇದು ನಮ್ಮ ಮನೆಯ ಕಥೆ. ಹೋದವಳು ನಮ್ಮ ಅಮ್ಮ.

ಇದು ನೂರು ದಿನ ಓಡುತ್ತದೆಂದು ಯಾರಿಗೆ ಗೊತ್ತಿತ್ತು? ಈ ಮಾಲೀಕರಿಗೆ ಗೊತ್ತಿತ್ತೇ? ಮೂರನೇ ದಿನ ನಾನು ಇದೇ ಬಾಗಿಲಲ್ಲಿ ನಿಂತು, "ಎಷ್ಟು ಜನ ಇದಾರಪ್ಪಾ?" ಎಂದು ಗೇಟಿನವರನ್ನು ಕೇಳಿದೆ. "ಏಳು ಜನ ಅಮ್ಮಾ. ಅದ್ರಲ್ಲಿ ಇಬ್ರು ಫ್ಯಾನ್ ಕೆಳಗೆ ನಿದ್ದೆಗೆ ಬಂದೋರು" ಎಂದರು. ಆಮೇಲೆ ಆ ಏಳು ಜನ ತಮ್ಮ ಮನೆಗೆ ಹೋಗಿ ಹೇಳಿದರು. ನಿದ್ದೆಗೆ ಬಂದ ಇಬ್ಬರೂ ಹೇಳಿದರಂತೆ. ಒಬ್ಬರ ಬಾಯಿಂದ ಒಬ್ಬರ ಕಿವಿಗೆ ಹೋಗಿ ಸಿನಿಮಾ ತಾನಾಗಿ ಎದ್ದು ನಡೆಯಿತು. ಅದನ್ನು ಯಾರೂ ನಡೆಸಲಿಲ್ಲ. ನಡೆಸಿದೆವು ಎಂದು ಈಗ ಹೇಳುತ್ತಿರುವವರು ಆ ದಿನ ಫೋನು ಎತ್ತುತ್ತಿರಲಿಲ್ಲ.

ಎಂಬತ್ತನೇ ದಿನಕ್ಕೆ ಊರ ಗೋಡೆಗಳ ಮೇಲೆ ಎರಡನೇ ಭಾಗದ ಪೋಸ್ಟರ್ ಬಂತು. ನಾನು ಕೆಲಸಕ್ಕೆ ಹೋಗುವ ದಾರಿಯಲ್ಲೇ ಅಂಟಿಸಿದ್ದರು. ಬಿಡುಗಡೆಯ ತಾರೀಖೂ ಇತ್ತು. ಕಥೆ ಇತ್ತೇ? ಇಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುತ್ತಾರೆ. ಇವರು ಕುಲಾವಿಯಲ್ಲ, ಕೂಸಿನ ಮದುವೆಯ ಕರೆಯೋಲೆಯನ್ನೇ ಅಚ್ಚು ಹಾಕಿಸಿದ್ದರು! ನಿರ್ಮಾಪಕರನ್ನು ಕೇಳಿದೆ. ಇಲ್ಲೇ ಇದ್ದಾರೆ, ಸುಳ್ಳಾದರೆ ಹೇಳಲಿ. "ಗಾಳಿ ಬಂದಾಗ ತೂರ್ಕೋಬೇಕು ಅಕ್ಕಾ. ಆರು ತಿಂಗಳು ಬಿಟ್ರೆ ಜನ ಮರೆತೇಬಿಡ್ತಾರೆ" ಎಂದರು. ಸ್ವಾಮಿ, ತೂರುವುದಕ್ಕೆ ಕಾಳು ಬೇಕಲ್ಲವೇ? ಬರೀ ಹೊಟ್ಟು ತೂರಿದರೆ ಅದು ನಮ್ಮ ಕಣ್ಣಿಗೇ ಬೀಳುತ್ತದೆ. ಇನ್ನು ಮರೆಯುವ ಮಾತು. ಆರು ತಿಂಗಳಿಗೆ ಮರೆಯುವಂಥದ್ದಾಗಿದ್ದರೆ, ನಮ್ಮ ಮನೆಯಲ್ಲಿ ಮೂವತ್ತೈದು ವರ್ಷವಾದರೂ ಏಕೆ ಮರೆಯಲಿಲ್ಲ?

ಎರಡನೇ ಭಾಗ ಬೇಡವೇ ಬೇಡ ಎನ್ನುವವಳು ನಾನಲ್ಲ. ಮುಂದಿನದು ಕೇಳಬೇಕೆಂದು ಜನಕ್ಕೆ ಆಸೆಯಾಗುವುದು ತಪ್ಪೇ? ತಪ್ಪಲ್ಲ. ಆದರೆ ಒಂದು ಮಾತು. ನಮ್ಮ ಕೆಲಸದಲ್ಲಿ ಹೊಸಬರಿಗೆ ಮೊದಲ ದಿನ ನಾನು ಕಲಿಸುವುದು ಒಂದೇ: ಒಣಗದ ಬಟ್ಟೆ ಮಡಿಸಬೇಡ. ವಾರ್ಡಿನಿಂದ ಫೋನಿನ ಮೇಲೆ ಫೋನು ಬರುತ್ತದೆ, ಹಾಸಿಗೆ ಖಾಲಿಯಿದೆ, ಹೊದಿಕೆ ಕಳಿಸಿ, ಕಳಿಸಿ, ಕಳಿಸಿ. ಗಾಬರಿಯಲ್ಲಿ ಹಸಿಯಿರುವಾಗಲೇ ಇಸ್ತ್ರಿ ಒತ್ತಿ ಮಡಿಸಿದರೆ ಮೇಲೆ ಮೇಲೆ ಗರಿಗರಿ. ನೋಡುವುದಕ್ಕೆ ಚಂದ. ಬಿಡಿಸಿದಾಗ ಮುಗ್ಗಲು ವಾಸನೆ. ಅದನ್ನು ಹೊದೆಯುವವನು ಯಾರು? ಕಾಯಿಲೆಯವನು. ಬೇಡ ಎನ್ನಲು ಶಕ್ತಿಯಿಲ್ಲದವನು.

ಮೊದಲ ಸಿನಿಮಾ ಹೇಗೆ ಆಯಿತು ಎಂದು ಎಲ್ಲರೂ ಕೇಳುತ್ತಾರೆ. ಕಾದು ಆಯಿತು. ನನ್ನ ತಮ್ಮ ಕೆಲಸದ ಜಾಗಕ್ಕೆ ಬಂದು ಹಬೆಯ ನಡುವೆ ನಿಂತು ಒಂದು ಪ್ರಶ್ನೆ ಕೇಳುತ್ತಿದ್ದ. ಒಂದೇ. "ಅಕ್ಕಾ, ಅಮ್ಮ ಹೋದ ದಿನ ಬಕೆಟ್ಟಲ್ಲಿ ಉಳಿದಿದ್ದು ಯಾರ ಬಟ್ಟೆ?" ನಾನು "ಹೋಗೋ, ಕೆಲಸ ಇದೆ" ಎನ್ನುತ್ತಿದ್ದೆ. ಹೋಗುತ್ತಿದ್ದ. ಮತ್ತೆ ಕೇಳುತ್ತಿರಲಿಲ್ಲ. ನಾಲ್ಕು ತಿಂಗಳಾದ ಮೇಲೆ ಊಟಕ್ಕೆ ಕುಳಿತಾಗ ನಾನಾಗಿ ಹೇಳಿದೆ, "ನಿಂದು. ನಿನ್ನ ಶಾಲೆ ಅಂಗಿ." ಆ ಅಂಗಿಯನ್ನು ಪರದೆಯ ಮೇಲೆ ನೋಡಿ ಅತ್ತಿರಿ ನೀವು. ಆ ಒಂದು ಅಂಗಿಗೆ ನಾಲ್ಕು ತಿಂಗಳು ಹಿಡಿದಿದೆ, ಮಹನೀಯರೇ. ನನ್ನಿಂದ ಮಾತು ಹೊರಡುವುದೇ ಹಾಗೆ, ಬಾವಿಯ ತಳದಿಂದ ಸೇದಬೇಕು. ಅದು ಗೊತ್ತಿದ್ದವನು ಅವನೊಬ್ಬನೇ.

ಅದೇ ತಮ್ಮ ಹೋದ ವಾರ ಫೋನು ಮಾಡಿ, "ಅಕ್ಕಾ, ಅದೊಂದು ಕಾಗದ ಬಂದಿದೆಯಲ್ಲ, ಈ ವಾರದೊಳಗೆ ಬರೆದುಕೊಡ್ಬೇಕಂತೆ" ಎಂದ. ಅಂತೆ! ನನ್ನ ಕೈಯಲ್ಲಿ ಬೆಳೆದವನು ನನ್ನ ಹತ್ತಿರವೇ "ಅಂತೆ" ಎಂದು ಮಾತಾಡುವುದನ್ನು ಅವತ್ತು ಮೊದಲು ಕೇಳಿದೆ. ಅವನ ಕಣ್ಣಿನ ಕೆಳಗೆ ನೋಡಿ, ಸುಣ್ಣ ಬಳಿದು ಮುಚ್ಚಿದ್ದಾರೆ. ಅವನು ಮಲಗಿ ಎಷ್ಟು ದಿನವಾಯಿತೋ.

ಆ ಕಾಗದದಲ್ಲಿ ಎರಡು ಪ್ರಶ್ನೆ. ನಿಮ್ಮ ತಾಯಿ ಮುಂದೆ ಎಂದಾದರೂ ಮರಳಿ ಬಂದರೇ, ತಿಳಿದದ್ದನ್ನು ಬರೆಯಿರಿ. ಚಿತ್ರದ ಮುಂದಿನ ಕಥೆಯನ್ನು ನಮ್ಮ ಇಷ್ಟದಂತೆ ಮಾಡಲು ನಿಮ್ಮ ಒಪ್ಪಿಗೆ ಇದೆಯೇ, ಸಹಿ ಹಾಕಿ. ವಕೀಲರಿಗೆ ಬೇಕಂತೆ. ಜೊತೆಗೆ ಎಂಟು ದಿನದಲ್ಲಿ ಬರೆದ ಕಥೆಯ ಹಾಳೆಗಳನ್ನೂ ಕಳಿಸಿದ್ದರು. ಬರೆದವರು ಐದು ಜನ. ನಮ್ಮ ಮನೆಯಲ್ಲಿ ಇದ್ದವರೇ ನಾಲ್ಕು ಜನ!

ಓದಿದೆ. ತಾಯಿ ಮರಳಿ ಬರುತ್ತಾಳೆ. ಬರಲಿ. ಓಡುವ ಲಾರಿಯಿಂದ ಹಾರುತ್ತಾಳೆ. ಹಾರಲಿ, ನಮ್ಮಮ್ಮನಿಗೆ ಮಂಡಿ ನೋವಿತ್ತು, ಸಿನಿಮಾದಲ್ಲಾದರೂ ವಾಸಿಯಾಗಲಿ. ಆದರೆ ಹದಿನೇಳನೇ ಹಾಳೆಯಲ್ಲಿ ಅವಳು ಮನೆ ಬಾಗಿಲಿಗೆ ಬಂದಾಗ ಗಂಡ ಅವಳ ಮುಖಕ್ಕೇ ಬಾಗಿಲು ಬಡಿದು ಅಗುಳಿ ಹಾಕುತ್ತಾನೆ. ಮುಂದೆ ಅವನೇ ಖಳನಾಯಕ. ನಿರ್ಮಾಪಕರನ್ನು ಕೇಳಿದರೆ, "ಯಾರಾದ್ರೂ ಒಬ್ಬ ಕೆಟ್ಟೋನು ಬೇಕಲ್ಲಾ ಅಕ್ಕಾ. ಟೈಮ್ ಇಲ್ಲ, ಇರೋರಲ್ಲೇ ಒಬ್ಬನ್ನ ಮಾಡ್ಕೊಂಡ್ವಿ" ಎಂದರು.

ಇರುವವರಲ್ಲೇ ಒಬ್ಬನನ್ನು! ನಮ್ಮಪ್ಪ ಬಸ್ ಡಿಪೋದಲ್ಲಿ ಟೈರು ಬಿಚ್ಚಿ ಹಾಕುತ್ತಿದ್ದವನು. ಹೆಂಡತಿ ಹೋದ ಮೇಲೆ ಅವಳ ಬಗ್ಗೆ ಒಂದು ಕೆಟ್ಟ ಮಾತಾಡಲಿಲ್ಲ, ಬೇರೆಯವರು ಆಡಿದರೆ ಎದ್ದು ಹೋಗುತ್ತಿದ್ದ. ಸಾಯುವ ಹಿಂದಿನ ವಾರ ಕೂಡ ನನ್ನನ್ನು ಕರೆದು, "ಅಗುಳಿ ಹಾಕ್ಬೇಡ ಮಗಳೇ" ಎಂದ. ಅವನು ಬಾಗಿಲು ಮುಚ್ಚಿದನೇ? ಅವನು ಮುಚ್ಚುತ್ತಿದ್ದನೇ? ಅಮ್ಮ ಬಂದ ದಿನ ಅಪ್ಪ ಮನೆಯಲ್ಲೇ ಇರಲಿಲ್ಲ!

...

ನೀರು ಕೊಡಿ ಸ್ವಲ್ಪ.

ಹೇಳಿಬಿಟ್ಟೆನಲ್ಲವೇ. ಹೇಳಬೇಕೆಂದು ಬಂದವಳಲ್ಲ. ಪುಟ್ಟಾ, ಕೂತ್ಕೋ. ಎದ್ದು ನಿಲ್ಲಬೇಡ, ಕೂತ್ಕೋ. ಸಭಿಕರು ಕ್ಷಮಿಸಬೇಕು, ಮನೆಯಲ್ಲಿ ಕರೆಯುವ ಹೆಸರು ಬಾಯಿಗೆ ಬಂತು. ಇನ್ನು ಅರ್ಧಕ್ಕೆ ನಿಲ್ಲಿಸಿದರೆ ಅದು ಬಕೆಟ್ಟಿನಲ್ಲಿ ಬಿಟ್ಟ ಬಟ್ಟೆಯ ಹಾಗೇ ಆಗುತ್ತದೆ.

ಅಮ್ಮ ಬಂದಿದ್ದಳು. ಹೋದ ಎರಡು ವರ್ಷಕ್ಕೆ, ವಾರದ ಇದೇ ದಿನ, ಮಧ್ಯಾಹ್ನ. ನನಗೆ ಹದಿನೇಳು. ಅಪ್ಪ ಡಿಪೋದಲ್ಲಿ, ಇವನು ಶಾಲೆಯಲ್ಲಿ. ನಾನು ಹಿತ್ತಲಲ್ಲಿ ಬೇರೆಯವರ ಬಟ್ಟೆ ಒಗೆದು ಒಳಗೆ ಬಂದರೆ ಹೊಸಿಲಿನ ಆಚೆ ನಿಂತಿದ್ದಾಳೆ. ಬಾಗಿಲು ತೆರೆದೇ ಇತ್ತು, ಆದರೂ ಒಳಗೆ ಬಂದಿರಲಿಲ್ಲ. ಯಾರದೋ ದೊಡ್ಡ ಅಳತೆಯ ಸ್ವೆಟರ್. ಕೈಯಲ್ಲಿ ಒಂದು ಜೊತೆ ಚಿಕ್ಕ ಬೂಟು.

"ಪುಟ್ಟ ಎಷ್ಟೊತ್ತಿಗೆ ಬರ್ತಾನೆ?" ಎಂದಳು.

"ನಾಲ್ಕಕ್ಕೆ."

"ಇರ್ಲಾ?"

"ಬೇಡ."

ಅಷ್ಟೇ ಮಾತು. ಬೂಟನ್ನು ಹೊಸಿಲ ಮೇಲೆ ಇಟ್ಟಳು. ಆರು ವರ್ಷದ ಮಗುವಿನ ಅಳತೆಯದು. ಇವನಿಗೆ ಆಗ ಎಂಟು. "ಅವನ ಕಾಲು ಬೆಳೆದಿದೆ" ಎಂದೆ. ಅದನ್ನು ಹೇಳಿದ್ದು ಯಾಕೆ ಎಂದು ನನಗೇ ಗೊತ್ತಿಲ್ಲ. ಚುಚ್ಚುವುದಕ್ಕೇ ಇರಬೇಕು. ಆಮೇಲೆ ಬಾಗಿಲು ಹಾಕಿದೆ. ಅಗುಳಿ ಎರಡು ವರ್ಷದಿಂದ ಯಾರೂ ಮುಟ್ಟದೆ ತುಕ್ಕು ಹಿಡಿದಿತ್ತು. ಎರಡು ಕೈಯಲ್ಲಿ ತಳ್ಳಿದೆ. ಆ ಸದ್ದು ಅವಳಿಗೂ ಕೇಳಿಸಿತು. ಅವಳು ಹೊರಡುವವರೆಗೆ ಅಲ್ಲೇ ನಿಂತಿದ್ದು, ಆಮೇಲೆ ಅಗುಳಿ ತೆಗೆದುಬಿಟ್ಟೆ. ಸಂಜೆ ಅಪ್ಪ ಬಂದಾಗ ಬಾಗಿಲು ಎಂದಿನಂತೆ ತೆರೆದಿತ್ತು.

ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ, ಇವನಿಗೋಸ್ಕರ ಎಂದು. ಅಮ್ಮನಿಗೂ ಒಂದು ತಟ್ಟೆ ಇಡು ಎಂದು ಹಟ ಹಿಡಿಯುವುದನ್ನು ಅವನು ಆ ವಾರವಷ್ಟೇ ಬಿಟ್ಟಿದ್ದ. ಅವಳು ಬಂದು ಮತ್ತೆ ಹೋದರೆ ತಡೆದುಕೊಳ್ಳುತ್ತಾನೆಯೇ ಎಂದು ಹೆದರಿದೆ. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಸಿಟ್ಟು ನನ್ನದು. ಹತ್ತನೇ ತರಗತಿಯ ಪುಸ್ತಕಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿದ ಕೈ ಇದು. ಅದೇ ಕೈ ಅಗುಳಿ ಹಾಕಿತು. ದೇವರಿಗೆ ಅವತ್ತೇ ಹೇಳಿದೆ. ಮನುಷ್ಯರಿಗೆ ಹೇಳಲು ಧೈರ್ಯ ಬರಲಿಲ್ಲ, ಅದಕ್ಕೆ ಬದಲಾಗಿ ಉಪವಾಸ ಹಿಡಿದೆ. ಹಸಿವಿನಿಂದ ತೀರುತ್ತದೆ ಎಂದುಕೊಂಡಿದ್ದೆ. ಆಮೇಲೆ ಅವಳು ಎಲ್ಲಿಗೆ ಹೋದಳು? ನನಗೆ ಗೊತ್ತಿಲ್ಲ. ಅದು ನಿಜವಾಗಿ ಗೊತ್ತಿಲ್ಲ.

ನಿರ್ಮಾಪಕರೇ, ನಿಮ್ಮ ಎರಡನೇ ಭಾಗ ಇದೇ. ಇದ್ದಿದ್ದು ನನ್ನೊಬ್ಬಳ ಹತ್ತಿರ. ಹಾಡಿಲ್ಲ, ಲಾರಿಯಿಲ್ಲ. ನನ್ನ ತಮ್ಮ ಮೊದಲಿನ ಹಾಗೆ ಒಂದು ಪ್ರಶ್ನೆ ಕೇಳಿ, ಇನ್ನೆರಡು ವರ್ಷ ಸುಮ್ಮನೆ ಕಾದಿದ್ದರೆ, ಒಂದು ದಿನ ಊಟಕ್ಕೆ ಕುಳಿತಾಗ ಅವನೊಬ್ಬನಿಗೇ ಹೇಳುತ್ತಿದ್ದೆನೇನೋ. ಈಗ ನೋಡಿ, ಸಾವಿರ ಜನರ ಮುಂದೆ, ಮೈಕಿನಲ್ಲಿ, ಅವನ ಮುಖಕ್ಕೆ ಬಡಿದ ಹಾಗೆ ಹೇಳಿದೆ. ಅವಸರ ಎಂದರೆ ಇದು. ಕಥೆ ಕೆಡುವುದು ಆಮೇಲಿನ ಮಾತು. ಮೊದಲು ಮನೆ ಕೆಡುತ್ತದೆ.

ಪುಟ್ಟಾ, ಆ ಬೂಟು ನನ್ನ ಪೆಟ್ಟಿಗೆಯ ತಳದಲ್ಲಿದೆ. ಬಿಸಾಡಲಿಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಮುಗಿಸುತ್ತೇನೆ. ನನ್ನನ್ನು ಕರೆದು ಈ ಕಾಣಿಕೆ ಕೊಟ್ಟಿರಿ, ಉಪಕಾರ. ನಿದ್ದೆಗೆ ಬಂದು ಎಚ್ಚರಾಗಿ ಹೋದ ಆ ಇಬ್ಬರು ಇಲ್ಲೆಲ್ಲಾದರೂ ಇದ್ದರೆ ಅವರಿಗೆ ವಿಶೇಷವಾಗಿ ಉಪಕಾರ. ಎಲ್ಲರಿಗೂ ತಲೆಬಾಗಿ ನಮಸ್ಕಾರ.

ಒಂದು ಕೆಲಸ ಬಾಕಿಯಿದೆ. ಬೆಳಿಗ್ಗೆ ಬರೆದ ಉತ್ತರದಲ್ಲಿ ಮೂರು ಸಾಲಿವೆ. "ಅಮ್ಮ ಮತ್ತೆ ಬರಲಿಲ್ಲ. ನನಗೇನೂ ಗೊತ್ತಿಲ್ಲ. ನಿಮ್ಮ ಇಷ್ಟದಂತೆ ಮಾಡಿಕೊಳ್ಳಿ." ಕೆಳಗೆ ನನ್ನ ಸಹಿ. ಉಪವಾಸದ ದಿನ ಬರೆದ ಸುಳ್ಳು ಅದು, ಸತ್ತ ಅಪ್ಪನ ಮೇಲೆ ಹೊರಿಸಿದ ಸುಳ್ಳು. ಅದು ಗೇಟಿನ ಹತ್ತಿರ ಮ್ಯಾನೇಜರ್ ಅವರ ಕಪ್ಪು ಚೀಲದಲ್ಲಿದೆ. ನಾನು ಈ ಮೈಕಿನ ಮುಂದೆಯೇ ನಿಂತಿರುತ್ತೇನೆ, ಅದು ಕೈಗೆ ಬರುವವರೆಗೆ ಇಳಿಯುವುದಿಲ್ಲ.

ಬೇಡ ಪುಟ್ಟಾ, ನೀನು ಹೋಗ್ಬೇಡ. ನೀನು ಬಾಗಿಲ ಕಡೆ ನಡೆಯುವುದನ್ನು ನೋಡಲು ನನ್ನಿಂದಾಗುವುದಿಲ್ಲ. ಬೇರೆ ಯಾರಾದರೂ, ದಯವಿಟ್ಟು, ಎದ್ದು ಹೋಗಿ ನನ್ನ ಉತ್ತರ ತಂದುಕೊಡಿ.