ಪೆನ್ಸಿಲ್ ಮುಟ್ಟದ ಫೋಟೋ

ಸಭೆಯ ಅಧ್ಯಕ್ಷರಾದ ಹಿರಿಯ ಚನ್ನಬಸವಣ್ಣನವರೇ, ನಮ್ಮ ಷಣ್ಮುಖಪ್ಪನವರ ಧರ್ಮಪತ್ನಿ ಶಿವನಂಜಮ್ಮನವರೇ, ಮಗಳು ನೀಲಾಂಬಿಕೆ, ಬೆಟ್ಟದಪುರದಿಂದ ಗಾಡಿ ಕಟ್ಟಿಕೊಂಡು, ಹಂಪಾಪುರದಿಂದ ಎರಡು ಬಸ್ಸು ಬದಲಾಯಿಸಿಕೊಂಡು ಹುಣಸೂರಿನ ಈ ಛತ್ರಕ್ಕೆ ಬಂದಿರುವ ಬಂಧುಗಳೇ — ಎಲ್ಲರಿಗೂ ನಮಸ್ಕಾರ.

ನಾನು ಚಲುವಯ್ಯ. ಲಕ್ಷ್ಮಣತೀರ್ಥ ಫೋಟೋ ಸ್ಟುಡಿಯೋ ನಡೆಸುವವನು. ಐದು ನಿಮಿಷ ಮಾತಾಡಿ ಎಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ಐದು ನಿಮಿಷದಲ್ಲಿ ಮುಗಿಯುವುದಿಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು.

ಷಣ್ಮುಖಪ್ಪನವರು ಲಿಂಗೈಕ್ಯರಾಗಿ ಇವತ್ತಿಗೆ ಹನ್ನೊಂದು ದಿನ. ನಿಮ್ಮಲ್ಲಿ ಬಹಳ ಜನ ಅವರನ್ನು ದೊಡ್ಡ ಫೋಟೋಗ್ರಾಫರು ಎಂದೇ ತಿಳಿದಿದ್ದೀರಿ. ನಾನು ಅವರನ್ನು ಏನೂ ಬಾರದವರಾಗಿ ನೋಡಿದವನು. ಇವತ್ತು ನಾನು ಹೇಳಬೇಕೆಂದಿರುವುದು ಆ ಏನೂ ಬಾರದ ಮನುಷ್ಯನ ವಿಷಯ.

ಐವತ್ತೊಂದನೇ ಇಸವಿ. ಷಣ್ಮುಖಪ್ಪನವರು ಮಗಳನ್ನು ಕರೆದುಕೊಂಡು ನನ್ನ ಸ್ಟುಡಿಯೋಗೆ ಬಂದರು. ನೀಲಾಂಬಿಕೆಗೆ ಆಗ ಹದಿನಾರು. ಒಂಬತ್ತನೇ ವಯಸ್ಸಿನಲ್ಲಿ ಮೈಮೇಲೆ ಅಮ್ಮ, ಅಂದರೆ ಸಿಡುಬು, ಬಂದು ಹೋಗಿತ್ತು, ಮುಖದ ತುಂಬ ಕಲೆ ಉಳಿದಿತ್ತು. ಗಂಡಿನ ಕಡೆಯವರು ಮೊದಲು ಒಂದು ಫೋಟೋ ಕಳಿಸಿ ಎಂದಿದ್ದರಂತೆ. ಹುಡುಗಿ ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡೇ ಒಳಗೆ ಬಂದಳು. — ನೀಲ, ಹೇಳಬಹುದೇನಮ್ಮ? ಹೇಳಿ ಅಂತ ತಲೆ ಆಡಿಸುತ್ತಿದ್ದಾಳೆ. ಸರಿ.

ನಾನು ತೆಗೆದೆ. ಕಿಟಕಿ ಪಕ್ಕದಲ್ಲಿ ಕೂರಿಸಿ, ಒಂದು ಕೆನ್ನೆ ಬೆಳಕು, ಒಂದು ಕೆನ್ನೆ ನೆರಳು. ಮೈಸೂರಿನಲ್ಲಿ ನನಗೆ ಕಲಿಸಿಕೊಟ್ಟಿದ್ದೇ ಹಾಗೆ. ಯಾರೇ ಬರಲಿ, ಹಾಗೇ. ಗಾಜಿನ ಪ್ಲೇಟು ತೊಳೆದು ನೋಡಿದರೆ ಒಂದೊಂದು ಕುಳಿಯೂ ಎದ್ದು ಕಾಣುತ್ತಿದೆ. ಇರಲಿ, ಪೆನ್ಸಿಲ್ ಇದೆಯಲ್ಲ! ಸಣ್ಣ ಮೊನೆಯ ಪೆನ್ಸಿಲಿನಲ್ಲಿ ನೆಗೆಟಿವ್ ಮೇಲೆ ಚುಕ್ಕಿ ಚುಕ್ಕಿ ಇಟ್ಟು ಕಲೆ ಮುಚ್ಚುವುದರಲ್ಲಿ ನಾಲ್ಕು ತಾಲ್ಲೂಕಿಗೆ ನಾನೇ ಗಟ್ಟಿಗ. ಮೂರು ದಿನ ಕೂತು ಮುಚ್ಚಿದೆ. ಮುಖ ಬೆಣ್ಣೆ ಬೆಣ್ಣೆ ಆಯಿತು. ನನಗೇ ಹೆಮ್ಮೆ.

ಹುಡುಗಿ ಫೋಟೋ ಕೈಗೆ ತೆಗೆದುಕೊಂಡಳು. ನೋಡಿದಳು. ಅಳಲಿಲ್ಲ. "ಇದ್ಯಾರಪ್ಪಯ್ಯ?" ಅಂದಳು. ಫೋಟೋವನ್ನು ಮೇಜಿನ ಮೇಲೆ ಬೋರಲು ಹಾಕಿ ಹೊರಗೆ ಹೋಗಿ ನಿಂತಳು. ಇನ್ನು ಮೇಲೆ ಆ ಪೆಟ್ಟಿಗೆ ಮುಂದೆ ಕೂರುವುದಿಲ್ಲ, ಮದುವೆಯೂ ಬೇಡ, ಯಾರ ಮದುವೆಗೂ ಹೋಗುವುದಿಲ್ಲ ಎಂದು ಹಠ ಹಿಡಿದಳಂತೆ.

ಎಂಟು ದಿನಕ್ಕೆ ಷಣ್ಮುಖಪ್ಪನವರು ಒಬ್ಬರೇ ಬಂದರು. ಫೋಟೋವನ್ನು ಪಂಚೆಯ ತುಂಡಿನಲ್ಲಿ ಸುತ್ತಿ ತಂದಿದ್ದರು.

"ಚಲುವಯ್ಯನೋರೆ, ಫೋಟೋ ಬಲೆ ಚೆನ್ನಾಗದೆ. ಆದ್ರೆ ಇದು ನಮ್ ನೀಲ ಅಲ್ಲ ಕಣ್ರೀ. ನಮ್ ಉಡ್ಗೀನ ಅಳಿಸ್ಬುಟ್ರಲ್ಲ."

ನನಗೆ ಎಲ್ಲಿಲ್ಲದ ಕೋಪ ಬಂತು. ಮೂರು ದಿನ ಕಣ್ಣು ಬಿದ್ದುಹೋಗುವಂತೆ ಕೂತಿದ್ದೇನೆ! "ಹಂಗಾದ್ರೆ ಫೋಟೋ ನೀವೇ ತೆಕ್ಕೊಳ್ಳಿ ಹೋಗ್ರಿ," ಅಂದೆ.

"ಕಲಿಸ್ಕೊಡಿ. ತೆಗೀತೀನಿ," ಅಂದರು.

ತಮಾಷೆಗೆ ಅಂದರು ಎಂದುಕೊಂಡೆ. ಮಾರನೇ ದಿನ ಬೆಳಗ್ಗೆ ಬಾಗಿಲು ತೆಗೆದರೆ ಜಗುಲಿಯ ಮೇಲೆ ಬುತ್ತಿ ಗಂಟು ಇಟ್ಟುಕೊಂಡು ಕೂತಿದ್ದಾರೆ! ವಯಸ್ಸು ನಲವತ್ತೆರಡು. ಹೊಲ ಇದೆ, ಹೊಗೆಸೊಪ್ಪು ಬೆಳೆಯುತ್ತಾರೆ, ಕ್ಯಾಮೆರಾ ಮುಟ್ಟಿದವರಲ್ಲ. ಮಗಳು ನೋಡಿ 'ಇದು ನಾನು' ಎಂದು ಒಪ್ಪಿಕೊಳ್ಳುವ ಒಂದು ಫೋಟೋ — ಅಷ್ಟೇ ಅವರಿಗೆ ಬೇಕಾಗಿದ್ದದ್ದು. ಅಷ್ಟಕ್ಕೋಸ್ಕರ ವಾರದಲ್ಲಿ ಮೂರು ದಿನ ಬೆಟ್ಟದಪುರದಿಂದ ಹುಣಸೂರಿಗೆ ಬಂದರು.

ಕಲಿತದ್ದು ಹೇಗೆ ಅಂತೀರಿ? ಮೊದಲನೇ ದಿನ ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ತೂರಿಸಿದವರು ಗಾಬರಿಯಾಗಿ ಈಚೆ ಬಂದರು. "ಎಲ್ಲಾ ತಲೆಕೆಳಗಾಗವ್ರೆ!" ಹೌದು ಸ್ವಾಮಿ, ಆ ಗಾಜಿನಲ್ಲಿ ಹಾಗೇ ಕಾಣುವುದು ಅಂದರೆ, ಒಂದು ತಿಂಗಳು ಕತ್ತು ಓರೆ ಮಾಡಿಕೊಂಡೇ ನೋಡಿದರು. ಎರಡನೇ ವಾರ ಮೈಸೂರಿನಿಂದ ಹೊಸ ಪ್ಲೇಟಿನ ಡಬ್ಬ ಬಂದಿತ್ತು. ನಾನು ಕಾಫಿ ಕುಡಿದು ಬರುವಷ್ಟರಲ್ಲಿ ಡಬ್ಬ ಬಿಚ್ಚಿ, ಒಂದೊಂದೇ ಪ್ಲೇಟನ್ನು ಬಿಸಿಲಿಗೆ ಹಿಡಿದು — ಹೀಗೆ, ಹಿಂದೆ ಮುಂದೆ ತಿರುಗಿಸಿ — ನೋಡುತ್ತಿದ್ದಾರೆ!

"ಏನ್ರೀ ಮಾಡ್ತಿದ್ದೀರಿ?"

"ಮಾಲು ಸರ್‍ಯಾಗದಾ ಅಂತ ನೋಡ್ತಿವ್ನಿ ಕಣ್ರೀ. ಸಾವ್ಕಾರ್ರು ಮೋಸ ಮಾಡ್ಬುಟ್ಟಾರು."

ಫೋಟೋ ತೆಗೆಯುವ ಮೊದಲೇ ಬೆಳಕು ಸೋಕಿದರೆ ಪ್ಲೇಟು ಕೆಟ್ಟಿತೆಂದೇ ಲೆಕ್ಕ; ಹನ್ನೆರಡಕ್ಕೆ ಹನ್ನೆರಡೂ ಹಾಳು. ಜೀವಮಾನವೆಲ್ಲ ಹೊಗೆಸೊಪ್ಪಿನ ಎಲೆಯನ್ನು ಬೆಳಕಿಗೆ ಹಿಡಿದು ಆರಿಸಿದ ಕೈ, ಪಾಪ, ಬೇರೆ ಏನು ಮಾಡೀತು? ಆವತ್ತು ನಾನು ಆಡಿದ ಮಾತುಗಳನ್ನು ಶಿವನಂಜಮ್ಮನವರ ಮುಂದೆ ಹೇಳುವುದಿಲ್ಲ. ಮರುದಿನ ಮತ್ತೆ ಜಗುಲಿಯ ಮೇಲೆ ಬುತ್ತಿ ಗಂಟು.

ಬದುಕಿರುವ ಗಿರಾಕಿಯನ್ನು ಇವರ ಕೈಗೆ ಕೊಡಲು ನನಗೆ ಧೈರ್ಯವಿರಲಿಲ್ಲ. ಆದ್ದರಿಂದ ಸಾವಿನ ಮನೆಗಳಿಗೆ ಕಳಿಸಿದೆ. ನಮ್ಮ ಒಕ್ಕಲಿಗರಲ್ಲಿ ಮಲಗಿಸುತ್ತೇವೆ. ನಿಮ್ಮ ಲಿಂಗಾಯತರಲ್ಲಿ ತೀರಿಕೊಂಡವರನ್ನು ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಲಿಂಗವಿಟ್ಟು, ಹೂವಿನಿಂದ ಅಲಂಕಾರ ಮಾಡಿ ಫೋಟೋ ತೆಗೆಸುವುದುಂಟು. ಅವರು ಅಲ್ಲಾಡುವುದಿಲ್ಲ. ಕಣ್ಣು ಮಿಟುಕಿಸುವುದಿಲ್ಲ. ಹೊಸಬರಿಗೆ ಅದಕ್ಕಿಂತ ಒಳ್ಳೆಯ ಗಿರಾಕಿ ಯಾರಿದ್ದಾರೆ? ಒಂದು ವರ್ಷ ಷಣ್ಮುಖಪ್ಪನವರು ಊರೂರು ತಿರುಗಿ ಅಂಥ ಫೋಟೋ ತೆಗೆದರು. ಗದ್ದ ಎತ್ತುವುದು, ಸೊಂಟದ ಹಿಂದೆ ಬಟ್ಟೆ ಮಡಿಸಿ ಇಡುವುದು, ಎಲ್ಲ ಅವರೇ. ಕೈ ಪಳಗಿತು. ಫೋಟೋ ಒಂದೂ ಕೆಡಲಿಲ್ಲ.

ಸರಿ, ಇನ್ನು ಬದುಕಿರುವವರನ್ನು ಕೊಡೋಣ ಎಂದು ಮನಸ್ಸು ಮಾಡಿದೆ. ಬಂದವರು ಯಾರು? ಹಾರನಹಳ್ಳಿಯ ದೊಡ್ಡತಾಯಮ್ಮನವರು! ಅಗೋ, ಅಲ್ಲೇ ಕಂಬದ ಪಕ್ಕ ಕೂತಿದ್ದಾರೆ. ನಗಿ ತಾಯಿ, ಪರವಾಗಿಲ್ಲ, ನಕ್ಕರೆ ಅವರಿಗೂ ಸಂತೋಷವೇ.

ಷಣ್ಮುಖಪ್ಪನವರು ಅಮ್ಮನನ್ನು ಹಲಗೆಗೆ ಒರಗಿಸಿ ಕೂರಿಸಿದರು. ಸೊಂಟದ ಹಿಂದೆ ಬಟ್ಟೆ ಮಡಿಸಿ ಇಟ್ಟರು. ಎರಡು ಬೆರಳಿನಿಂದ ಗದ್ದ ಎತ್ತಿದರು. ವಿಭೂತಿ ಸರಿ ಮಾಡಿದರು. ಎಡಗೈ ತೆಗೆದು ತೊಡೆಯ ಮೇಲೆ ಅಂಗಾತ ಇಟ್ಟರು. ಅಂಗೈ ಅಂಗಾತ ಆಗಿದ್ದೇ ತಡ —

"ಅಯ್ಯೋ ನಿನ್ ಕೈ ಸೇದೋಗ! ಸತ್ತ ನಮ್ಮತ್ತೇನ ಕೂರಿಸ್ದಂಗೇ ಕೂರಿಸ್ತಿದ್ದೀಯಲ್ಲೋ! ನಾನಿನ್ನೂ ಬದುಕಿವ್ನಿ ಕಣೋ!"

"ಅವ್ವಾ, ಅಲ್ಲಾಡ್ಬ್ಯಾಡಿ, ಉಸ್ರು ಬಿಗಿಹಿಡ್ಕೊಳ್ಳಿ..."

"ಯಾಕ್ ಬಿಗಿಹಿಡೀಲಿ? ಬದುಕಿರೋರು ಉಸ್ರಾಡ್ತಾರೆ ಕಣೋ!"

ಅಮ್ಮ ಎದ್ದು ಹೊರಟೇಬಿಟ್ಟರು. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಷಣ್ಮುಖಪ್ಪನವರು ನಗಲಿಲ್ಲ. ಖಾಲಿ ಕುರ್ಚಿ ನೋಡುತ್ತಾ ನಿಂತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಆವಮ್ಮ ಅಂದಿದ್ದು ನಿಜ ಕಣ್ರೀ. ನೀವೂ ಎಲ್ರಿಗೂ ಉಸ್ರು ಬಿಗಿಹಿಡೀರಿ ಅಂತೀರ. ಅದ್ಕೇ ನಮ್ ಫೋಟೋದಾಗೆ ಬದುಕಿರೋರೂ ಸತ್ತೋರಂಗೇ ಕಾಣ್ತಾರೆ," ಅಂದರು.

ನನ್ನ ನಗು ನಿಂತುಹೋಯಿತು. ಇಪ್ಪತ್ತು ವರ್ಷದಿಂದ ನಾನು ಕೂಗುತ್ತಿದ್ದದ್ದು ಅದನ್ನೇ — ಉಸಿರು ಬಿಗಿಹಿಡೀರಿ! ಆವತ್ತಿನಿಂದ ಅವರು ಆ ಮಾತನ್ನೇ ಬಿಟ್ಟರು. ಗಿರಾಕಿಯ ಮುಂದೆ ನಿಂತು ಮೆಲ್ಲಗೆ, "ಉಸ್ರಾಡಿ ಅವ್ವಾ, ಉಸ್ರಾಡಿ," ಅನ್ನುವರು. ಎರಡು ಸಲ, ಮೂರು ಸಲ. ಭುಜ ತಾನಾಗಿ ಕೆಳಗಿಳಿದ ಗಳಿಗೆ ನೋಡಿ ಫೋಟೋ ಹಿಡಿಯಲು ಕೈಯಲ್ಲಿದ್ದ ಕ್ಯಾಮೆರಾದ ರಬ್ಬರ್ ಬುರುಡೆ ಅದುಮುವರು. ದೊಡ್ಡತಾಯಮ್ಮನವರೇ ಮುಂದಿನ ವಾರ ತಿರುಗಿ ಬಂದು ಕೂತರು. ಆ ಫೋಟೋ ಇವತ್ತೂ ಅವರ ನಡುಮನೆಯಲ್ಲಿದೆ.

ಆದರೆ ನೀಲ ಮಾತ್ರ ಒಪ್ಪಲಿಲ್ಲ. ಅವರು ಕೇಳುತ್ತಲೇ ಇದ್ದರು, ಅವಳು ಬೇಡ ಅನ್ನುತ್ತಲೇ ಇದ್ದಳು. ಐವತ್ತಮೂರನೇ ಇಸವಿ ಕೊನೆಗೆ, ಒಂದು ಬೆಳಗ್ಗೆ, ತಾನಾಗಿಯೇ ಅಪ್ಪನ ಜೊತೆ ಬಂದಳು. ಬಾಗಿಲಲ್ಲೇ ನಿಂತು ನನ್ನ ಕಡೆ ಬೆರಳು ತೋರಿಸಿ, "ಅಪ್ಪಯ್ಯ, ಕೂತ್ಕೋತೀನಿ. ಆದ್ರೆ ಈ ಮಾವ ಪೆನ್ಸಿಲ್ ಮುಟ್ಕೂಡ್ದು," ಅಂದಳು. ನನ್ನ ಪೆನ್ಸಿಲ್ ಡಬ್ಬಿ ತೆಗೆದು ಅವಳ ಕೈಗೇ ಕೊಟ್ಟೆ.

ನಾನು ಅಭ್ಯಾಸಬಲದಿಂದ ಕುರ್ಚಿಯನ್ನು ಕಿಟಕಿಯ ಪಕ್ಕಕ್ಕೆ ಎಳೆದೆ. ಷಣ್ಮುಖಪ್ಪನವರು ಅದನ್ನು ಎತ್ತಿ ಕಿಟಕಿಗೆ ನೇರ ಎದುರಾಗಿ ಇಟ್ಟರು. "ಎಲೆ ನರ ನೋಡ್ಬೇಕಾದ್ರೆ ಪಕ್ಕದಿಂದ ಬೆಳಕು ಬರ್ಬೇಕು ಕಣ್ರೀ. ಬಣ್ಣ ನೋಡ್ಬೇಕಾದ್ರೆ ಎದುರ್‍ನಿಂದ. ನಮ್ ಉಡ್ಗಿ ನರ ಎಣಿಸಿದ್ದು ಸಾಕು." ಇಷ್ಟು ವರ್ಷ ಒಬ್ಬ ಫೋಟೋಗ್ರಾಫರಿಗೆ ಹೊಳೆಯದೆ ಇದ್ದದ್ದು ಸೊಪ್ಪು ಆರಿಸುವವರಿಗೆ ಹೊಳೆದಿತ್ತು!

ಕಿಟಕಿಗೆ ಬಿಳಿ ಪಂಚೆ ಕಟ್ಟಿದರು. ಮಗಳನ್ನು ಕೂರಿಸಿದರು. ಸೆರಗು ಕೆನ್ನೆಯಿಂದ ಜಾರಿಸಿದ್ದು ಅವಳೇ. ಎಲ್ಲ ಸರಿಯಾಯಿತು — ಅವರು ಗಡಿಬಿಡಿಯಲ್ಲಿ ಮಗಳ ಭುಜ ಇಳಿಯುವ ಮೊದಲೇ ಬುರುಡೆ ಅದುಮಿಬಿಟ್ಟರು. ಮೊದಲ ಪ್ಲೇಟು ಕೆಟ್ಟಿತು. ಎರಡನೆಯದೂ ಕೆಟ್ಟಿತು. ಮೂರನೆಯದಕ್ಕೆ ಮುಚ್ಚಳವನ್ನೇ ತೆಗೆಯಲು ಮರೆತರು. ನಾಲ್ಕನೆಯದು ಹಾಕಿ, ಹಣೆಯಲ್ಲಿ ಬೆವರು, "ಉಸ್ರಾಡವ್ವ ನೀಲ, ಉಸ್ರಾಡು," ಅನ್ನುತ್ತಿದ್ದಾರೆ.

"ಅಪ್ಪಯ್ಯ," ಅಂದಳು ಹುಡುಗಿ, "ನಾನ್ ಉಸ್ರಾಡ್ತಾವ್ನಿ. ನೀವು ಆಡಿ ಮೊದ್ಲು!"

ನೋಡಿದರೆ ಈ ಮನುಷ್ಯ ತಾನೇ ಉಸಿರು ಬಿಗಿಹಿಡಿದು ನಿಂತಿದ್ದಾರೆ! ಅವರು ನಕ್ಕುಬಿಟ್ಟರು. ಅಪ್ಪ ನಕ್ಕಿದ್ದು ನೋಡಿ ಅವಳೂ ನಕ್ಕಳು. ಬುರುಡೆ ಅದುಮಿದರು.

ಪ್ಲೇಟು ತೊಳೆದು, ಕಾಗದಕ್ಕೆ ಇಳಿಸಿ, ಒದ್ದೆ ಆರುವ ಮೊದಲೇ ಅವಳ ಕೈಗೆ ಕೊಟ್ಟರು. ಕಲೆ ಇತ್ತು. ಎಲ್ಲಿಗೂ ಹೋಗಿರಲಿಲ್ಲ. ಆದರೆ ನೋಡುವವರ ಕಣ್ಣು ಮೊದಲು ಆ ನಗುವಿನ ಹತ್ತಿರ ಹೋಗುತ್ತಿತ್ತು. ಹುಡುಗಿ ಬಹಳ ಹೊತ್ತು ನೋಡಿದಳು. ನಾನು ಈ ಮೂಲೆಯಲ್ಲಿ, ಅವರು ಆ ಮೂಲೆಯಲ್ಲಿ. ಪರೀಕ್ಷೆ ಬರೆದವರ ಹಾಗೆ ನಿಂತಿದ್ದೆವು.

"ಇದು ನಾನೇ," ಅಂದಳು.

ಷಣ್ಮುಖಪ್ಪನವರು ಹಿತ್ತಲಿಗೆ ಹೋದರು. ಮುಖ ತೊಳೆದುಕೊಂಡು ಬಂದರು. ನಾನೂ ತೊಳೆದುಕೊಂಡೆ, ಸುಳ್ಳು ಯಾಕೆ ಹೇಳಲಿ.

ರಸ್ತೆಗೆ ಕಾಣುವ ಗಾಜಿನ ಬೀರುವಿನಲ್ಲಿ ನಾನು ಚೆಂದದ ಹೆಣ್ಣುಮಕ್ಕಳ ಫೋಟೋ ಇಟ್ಟಿದ್ದೆ, ಎಲ್ಲ ನನ್ನ ಪೆನ್ಸಿಲಿನ ಚೆಂದ. ನಡುವಿನ ಒಂದನ್ನು ತೆಗೆದು, ಅಲ್ಲಿ ನೀಲ ತನ್ನ ಫೋಟೋವನ್ನು ತಾನೇ ಇಟ್ಟಳು. ಆಮೇಲೆ ನೋಡಿ, ಎಚ್.ಡಿ. ಕೋಟೆ, ಕೆ.ಆರ್. ನಗರ, ಎಲ್ಲೆಲ್ಲಿಂದಲೋ ಹೆಂಗಸರು ಬರತೊಡಗಿದರು. ಬೀರುವಿನ ಮುಂದೆ ನಿಂತು, ಸೆರಗು ಮುಖದ ಮೇಲೆ ಹಿಡಿದುಕೊಂಡೇ, "ಈ ಪಟ ತೆಗ್ದೋರು ಯಾರಪ್ಪ?" ಎಂದು ಕೇಳುವರು. ಒಳಗೆ ಹೋದವರು ಸೆರಗು ತೆಗೆದುಕೊಂಡು ಈಚೆ ಬರುವರು. ನೀಲಾಂಬಿಕೆಯ ಮದುವೆಯೂ ಆಯಿತು, ಇಲ್ಲೇ ಕೆ.ಆರ್. ನಗರಕ್ಕೆ ಕೊಟ್ಟಿದ್ದಾರೆ, ಅದೇ ಫೋಟೋ ಕಳಿಸಿಯೇ ಕೊಟ್ಟಿದ್ದು. ಅಪ್ಪನಿಂದ ಕ್ಯಾಮೆರಾ ಕೂಡ ಕಲಿತಳು. ಇಲ್ಲಿ ಹಾರ ಹಾಕಿರುವ ಅಪ್ಪನ ಫೋಟೋ ಹೋದ ವರ್ಷ ಅವಳೇ ತೆಗೆದದ್ದು. ಮೂಗಿನ ಪಕ್ಕದ ನರಹುಲಿ ಹಾಗೇ ಇದೆ, ನೋಡಿ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ.

ಹನ್ನೊಂದು ದಿನದ ಹಿಂದೆ ಬೆಟ್ಟದಪುರದ ಮನೆಯಲ್ಲಿ ಷಣ್ಮುಖಪ್ಪನವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ವಿಭೂತಿ, ಹೂವು, ಎಡ ಅಂಗೈಯಲ್ಲಿ ಲಿಂಗ. ನೀಲ ನನ್ನ ಹತ್ತಿರ ಬಂದು, "ಮಾವ, ನನ್ ಕೈಲಾಗಲ್ಲ. ನೀವು ತೆಗೀರಿ. ಪೆನ್ಸಿಲ್ ಮುಟ್ಬೇಡಿ," ಅಂದಳು. ನಾನು ಕ್ಯಾಮೆರಾ ಇಟ್ಟೆ. ಬೆಳಕು ಎದುರಿನಿಂದ ಬರುವಂತೆ ಬಾಗಿಲು ಪೂರಾ ತೆಗೆಸಿದೆ. ಕರಿಬಟ್ಟೆಯಿಂದ ತಲೆ ಈಚೆ ತೆಗೆದು, ರಬ್ಬರ್ ಬುರುಡೆ ಕೈಯಲ್ಲಿ ಹಿಡಿದು, ಅವರ ಮುಖ ನೋಡಿದೆ. ಏಳು ವರ್ಷ ಪಕ್ಕದಲ್ಲಿ ನಿಂತು ಕೇಳಿದ ಮಾತು ನೋಡಿ — ಬಾಯಿಗೆ ತಾನಾಗಿ ಬಂದುಬಿಟ್ಟಿತು.

"ಉಸಿರಾಡಿ," ಅಂದೆ. "ಷಣ್ಮುಖಪ್ಪನೋರೇ, ಉಸಿರಾಡಿ."

ಮನೆ ತುಂಬ ಜನ. ನಾನು ಅವರ ಭುಜ ಇಳಿಯುತ್ತದೆ ಎಂದು ಕಾಯುತ್ತಾ ನಿಂತೆ. ಎಷ್ಟು ಹೊತ್ತು ಕಾದೆನೋ ನನಗೆ ಗೊತ್ತಿಲ್ಲ. ಕೊನೆಗೆ ನೀಲ ಬಂದು ನನ್ನ ಕೈಯ ಮೇಲೆ ಕೈಯಿಟ್ಟು, ತಾನೇ ಅದುಮಿದಳು.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಬೇಕು. ದೊಡ್ಡತಾಯಮ್ಮನವರೇ, ನಿಮಗೆ ಮಂಡಿ ನೋವು, ನೀವು ಕೂತೇ ಇರಿ. ಒಂದು ನಿಮಿಷ ಮೌನ. ಆದರೆ ಕತ್ತು ಬಿಗಿಯಬೇಡಿ, ಕೈ ಸೆಟೆಸಬೇಡಿ, ಹಾಗೆ ನಿಂತರೆ ಅವರಿಗೆ ಆಗುತ್ತಿರಲಿಲ್ಲ. ಬೆಳಕು ನಿಮ್ಮ ಎದುರಿಗೇ ಇದೆ. ಆ ಫೋಟೋದ ಕಡೆ ನೋಡಿ. ಅವರು ನಿಮ್ಮನ್ನು ಹೇಗೆ ನೋಡುತ್ತಿದ್ದರೋ ಹಾಗೆ ನೋಡಿ.

ಉಸಿರಾಡಿ.