ಅಕ್ಕ ಕೊರೆಯದ ತೂತು

ವೇದಿಕೆಯ ಮೇಲಿನ ಅಧ್ಯಕ್ಷರೇ, ನಮ್ಮ ಗಿಟಾರ್ ಕಂಪನಿಯ ಮಾನ್ಯ ನಿರ್ದೇಶಕರೇ, ಮುಂದಿನ ಸಾಲಿನ ವಕೀಲರೇ, ಅಂಗಡಿ ಮಾಲೀಕರೇ, ವಾದಕರೇ, ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತಿರುವ ನನ್ನ ಕಾರ್ಖಾನೆಯ ಸಂಗಾತಿಗಳೇ, ಸಭಿಕರೇ,

ನಕಲಿ ಗಿಟಾರುಗಳನ್ನು ಹಿಡಿದುಕೊಟ್ಟದ್ದಕ್ಕೆ ಈ ಸಭೆ ನನಗೆ ‘ಅಸಲಿಯ ಕಾವಲುಗಾರ’ ಎಂಬ ಬಿರುದು ಕೊಟ್ಟಿದೆ. ಆಫೀಸಿನವರು ಎರಡು ಪುಟದ ಭಾಷಣವನ್ನೂ ಟೈಪು ಮಾಡಿಸಿ ಕೊಟ್ಟಿದ್ದಾರೆ. ಅದರಲ್ಲಿ ‘ಪರಂಪರೆ’ ಎಂಬ ಮಾತು ಒಂಬತ್ತು ಸಲ ಇದೆ. ‘ಕಾರ್ಮಿಕ’ ಎಂಬ ಮಾತು ಒಂದು ಸಲವೂ ಇಲ್ಲ. ಆದ್ದರಿಂದ ಓದುವುದಿಲ್ಲ. ನಾನು ಭಾಷಣ ಕಲಿತದ್ದು ಕಾರ್ಖಾನೆಯ ಗೇಟಿನ ಮುಂದೆ, ಬಣ್ಣದ ಡ್ರಮ್ಮಿನ ಮೇಲೆ ನಿಂತು. ಮೈಕು ಕಂಡರೆ ಗಂಟಲು ತಾನಾಗಿಯೇ ಏರುತ್ತದೆ, ಕ್ಷಮಿಸಿ.

ಅಸಲಿ ಎಂದರೇನು, ಸ್ವಾಮಿ? ನನ್ನ ಹಿಂದೆ ಸಂಸ್ಥಾಪಕರ ಚಿತ್ರವಿದೆ. ‘ಇವರ ಕಲ್ಪನೆಯ ಕೂಸು’ ಎಂದು ಕೆಳಗೆ ಬರೆದಿದೆ. ಆ ಕೂಸು ಹುಟ್ಟಿದ್ದನ್ನು ನಮ್ಮ ಸ್ಟೋರಿನ ಮುದುಕ ಕಣ್ಣಾರೆ ಕಂಡಿದ್ದ. ಯಾರದೋ ಪರದೇಶದ ಎಲೆಕ್ಟ್ರಿಕ್ ಗಿಟಾರನ್ನು ಪ್ಲೈವುಡ್ಡಿನ ಮೇಲೆ ಅಂಗಾತ ಮಲಗಿಸಿ, ಸುತ್ತ ಪೆನ್ಸಿಲ್ ಎಳೆದರಂತೆ. “ನಾನೇ ಒತ್ತಿ ಹಿಡ್ಕೊಂಡಿದ್ದೆ ಕಣಪ್ಪಾ. ಅಲ್ಲಾಡಿಸಬೇಡ ಅಂತ ತಲೆ ಮೇಲೆ ಒಂದು ಮೊಟಕಿದ್ರು” ಎನ್ನುತ್ತಿದ್ದ. ದೊಡ್ಡವರು ಗೆರೆ ಎಳೆದರೆ ಸ್ಫೂರ್ತಿ, ಸಣ್ಣವರು ಎಳೆದರೆ ಕಳ್ಳತನ!

ಹಾಗೆಂದು ನಕಲಿಯ ವಕಾಲತ್ತಿಗೆ ನಾನು ನಿಂತಿಲ್ಲ. ಬೇರೆಯವರ ಆಕಾರ ನೋಡಿ ಮಾಡಿ, ಮೇಲೆ ತನ್ನ ಹೆಸರು ಬರೆದರೆ ಅದೊಂದು ಥರ. ಬೇರೆಯವರ ಹೆಸರನ್ನೇ ಅಂಟಿಸಿ ಮಾರಿದರೆ ಅದು ಮೋಸ. ನಂಬಿ ಕೊಂಡ ವಾದಕನಿಗೆ ಮೋಸ. ಈ ಮಾತನ್ನು ನಮ್ಮ ಅಕ್ಕನ ಮುಂದೆಯೂ ಹೇಳಿದ್ದೆ.

ಅಕ್ಕ ಎಂದೆನಲ್ಲ. ನನ್ನ ಒಡಹುಟ್ಟಿದವಳು. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಅವಳು ಆರು ವರ್ಷದಿಂದ ಫ್ರೆಟ್ ವಿಭಾಗದಲ್ಲಿದ್ದಳು. ಗಿಟಾರಿನ ಕತ್ತಿನ ಮೇಲೆ ಲೋಹದ ಪಟ್ಟಿಗಳಿರುತ್ತವಲ್ಲ, ಅವುಗಳ ತುದಿಯನ್ನು ಅರದಿಂದ ಉಜ್ಜಿ, ಆಮೇಲೆ ಕಣ್ಣು ಮುಚ್ಚಿ ಕೆನ್ನೆಗೆ ಸವರಿ ನೋಡುತ್ತಿದ್ದಳು. ಬೆರಳು ಗಟ್ಟಿಯಾಗಿ ಹೋಗಿತ್ತು, ಬೆರಳಿಗೆ ತಿಳಿಯದ್ದು ಕೆನ್ನೆಗೆ ತಿಳಿಯುತ್ತಿತ್ತು. ವಾದಕರೇ, ನಿಮ್ಮ ಕೈಗೆ ಗೀರಾಗದಿರಲೆಂದು ಎಷ್ಟು ಸಲ ಅವಳ ಕೆನ್ನೆ ಗೀರಿತೋ!

ನಾನು ಮೂರನೇ ತಿಂಗಳಲ್ಲೇ ಒಂದು ಘನಕಾರ್ಯ ಮಾಡಿದೆ. ಒಳಗಿನ ವೈರು ಹಾಯುವ ತೂತಿಗೆ ಮರದ ಅಚ್ಚುಹಲಗೆ ಮಾಡಲು ಹೇಳಿದ್ದರು. ಅಳತೆಪಟ್ಟಿಯನ್ನು ತಿರುಗುಮುರುಗು ಹಿಡಿದು ಒಂದು ತೂತು ಕೊರೆದೆ, ತಪ್ಪಿತು. ಪಕ್ಕದಲ್ಲೇ ಸರಿಯಾದದ್ದನ್ನು ಕೊರೆದೆ, ಮೊದಲನೆಯದನ್ನು ಮುಚ್ಚುವುದು ಮರೆತೆ. ಅದೇ ಅಚ್ಚಿಟ್ಟು ನಾನೂರು ಗಿಟಾರಿಗೆ ಎರಡೆರಡು ತೂತು ಬಿದ್ದವು. ಗೊತ್ತಾದರೆ ಆ ದಿನವೇ ಗೇಟಿನಿಂದಾಚೆ.

ಅಕ್ಕ ನೋಡಿದಳು. “ಅಯ್ಯೋ ಮಂಕೇ, ಕೈ ಕೊಟ್ಟ ದೇವರು ಕಣ್ಣು ಕೊಡೋದು ಮರೆತನಾ?” ಎಂದಳು. ಊಟದ ಬಿಡುವಿನಲ್ಲಿ ಕೂತು ಒಂದೊಂದಕ್ಕೂ ಮರದ ಬಿರಡೆ ಜಡಿದು, ಉಪ್ಪುಕಾಗದ ತಿಕ್ಕಿ, ಬಣ್ಣದಡಿ ಮುಚ್ಚಿದಳು. ಮುಂದಿನ ಕಂತಿನ ಗಿಟಾರುಗಳಲ್ಲಿ ಬಿರಡೆ ಇರದಿದ್ದರೆ ಯಾರಾದರೂ ಹೋಲಿಸಿ ನೋಡಿಯಾರು ಎಂದೆ. “ಹಂಗಾದ್ರೆ ಎಲ್ಲದಕ್ಕೂ ಕೊರಿ. ಒಂದಕ್ಕಿದ್ರೆ ತಪ್ಪು ಅಂತಾರೆ, ಎಲ್ಲದಕ್ಕೂ ಇದ್ರೆ ಪದ್ಧತಿ ಅಂತಾರೆ” ಎಂದಳು. ಅಂದಿನಿಂದ ಪ್ರತಿ ಗಿಟಾರಿಗೂ ಎರಡನೇ ತೂತು, ಅದಕ್ಕೊಂದು ಬಿರಡೆ. ನಿರ್ದೇಶಕರೇ, ಇಪ್ಪತ್ತೊಂದು ವರ್ಷ ನಿಮ್ಮ ಪರಂಪರೆಯ ಹೊಟ್ಟೆಯೊಳಗೆ ನನ್ನ ತಪ್ಪು ಇತ್ತು. ಅದು ತಪ್ಪೆಂದು ಬಲ್ಲವರು ಇಬ್ಬರೇ.

ಆಮೇಲೆ ಫ್ರೆಟ್ ವಿಭಾಗಕ್ಕೆ ಯಂತ್ರ ಬಂತು. ಮೂವತ್ತೊಂದು ಹೆಂಗಸರನ್ನು ಮನೆಗೆ ಕಳಿಸುವ ಒಪ್ಪಂದಕ್ಕೆ ಕಾರ್ಮಿಕ ಸಂಘದ ಕಾರ್ಯದರ್ಶಿ ಸಹಿ ಹಾಕಿದ. ಉಳಿದವರ ಕೆಲಸವಾದರೂ ಉಳಿಯಲಿ ಎಂದು ಹಾಕಿದ. ಆ ಕಾರ್ಯದರ್ಶಿ ಯಾರೆಂದು ಗೋಡೆಗೆ ಒರಗಿ ನಿಂತವರಿಗೆ ಗೊತ್ತಿದೆ. ಹೌದು, ನಾನೇ.

ಅಕ್ಕನಿಗೆ ಗೊತ್ತಿದ್ದದ್ದು ಒಂದೇ ಕೆಲಸ. ಟೈರ್ ಅಂಗಡಿಯ ಹಿಂದಿನ, ಕಿಟಕಿಯಿಲ್ಲದ ಶೆಡ್ಡಿನಲ್ಲಿ, ಅದರ ಮಾಲೀಕನ ಹತ್ತಿರ ಕೂಲಿಗೆ ನಿಂತು, ಕಂಪನಿಯ ಹೆಸರು ಅಂಟಿಸಿದ ಅದೇ ಗಿಟಾರ್ ಮಾಡತೊಡಗಿದಳು. ಒಮ್ಮೆ ಹೋಗಿ ಜಗಳವಾಡಿದೆ. “ಕೊಂಡೋನಿಗೆ ಮೋಸ ಅಲ್ವೇನಕ್ಕಾ?”

“ಮೋಸಾನೇ ಕಣೋ. ಇಲ್ಲ ಅಂದೋರ್ಯಾರು? ಇಪ್ಪತ್ತೈದು ವರ್ಷ ನಾನು ಮಾಡಿದ್ದರ ಮೇಲೆ ಅವರ ಹೆಸರು ಅಂಟಿಸ್ಕೊಂಡ್ರಲ್ಲ, ಆಗ ಯಾರಿಗೆ ಮೋಸ ಆಯ್ತು? ಅದನ್ನ ಒಂದಿನ ಡ್ರಮ್ ಹತ್ತಿ ಕೂಗಿದ್ಯಾ?”

ನಾನು ಇನ್ನೂ ಬಣ್ಣ ಹಚ್ಚದ ಒಂದು ಗಿಟಾರಿನ ಹಿಂದಿನ ಮುಚ್ಚಳ ತೆಗೆದು ನೋಡಿದೆ. ಒಂದೇ ತೂತು. “ಎರಡನೇದು ಎಲ್ಲಿ?” ಎಂದೆ.

“ಒಳ್ಳೇ ಮರಕ್ಕೆ ಸುಮ್ಸುಮ್ನೆ ಯಾಕೋ ತೂತು? ನಿನ್ನ ಕೆಲಸ ಉಳಿಸೋಕೆ ಕೊರೆಸಿದ್ದೆ. ಇಲ್ಲಿ ಯಾರ ಕೆಲಸ ಉಳಿಸ್ಬೇಕು? ನಕಲಿ ಮಾಡ್ತೀನಿ. ಕೆಟ್ಟ ಕೆಲಸ ಮಾತ್ರ ಮಾಡಲ್ಲ.”

ಮುಂದಿನದು ನಿಮಗೆ ಗೊತ್ತು. ಅನುಮಾನದ ಇನ್ನೂರ ಹನ್ನೆರಡು ಗಿಟಾರು ಅಂಗಡಿಗಳಲ್ಲಿ ಸಿಕ್ಕಿಬಿದ್ದವು. ಭೂತಗನ್ನಡಿ ಹಿಡಿದ ತಜ್ಞರು ಮೂರು ದಿನ ತಿಣುಕಿ, ಅಸಲಿಯೋ ನಕಲಿಯೋ ಹೇಳಲಾರೆವು ಎಂದರು. ನಿರ್ದೇಶಕರು ನನ್ನನ್ನು ತಣ್ಣನೆಯ ಕೋಣೆಗೆ ಕರೆದರು. “ನಕಲಿ ನಿಲ್ಲದಿದ್ರೆ ಕಾರ್ಖಾನೆ ನಿಲ್ಲುತ್ತೆ. ಮುನ್ನೂರು ಮನೆ ಒಲೆ ಆರುತ್ತೆ. ಯೋಚನೆ ಮಾಡಿ” ಎಂದರು. ಯೋಚಿಸಿದೆ. ಒಂದು ಕಡೆ ಮುನ್ನೂರು ಒಲೆ, ಇನ್ನೊಂದು ಕಡೆ ಒಂದು. ಚಳವಳಿ ನನಗೆ ಕಲಿಸಿದ ಲೆಕ್ಕವೇ ಅದು. ಸ್ಕ್ರೂಡ್ರೈವರ್ ಕೇಳಿ ಪಡೆದು ಮುಚ್ಚಳ ತೆಗೆದೆ. ಬಣ್ಣ ಕೆರೆದು, ಬಿರಡೆ ಇದ್ದರೆ ಅಸಲಿ, ಇಲ್ಲದಿದ್ದರೆ ನಕಲಿ ಎಂದೆ.

ಅದು ಅಕ್ಕನ ಕೈಕೆಲಸವೆಂದು ನನಗೆ ಗೊತ್ತಿರಲಿಲ್ಲ ಎಂದು ನ್ಯಾಯಾಲಯದಲ್ಲಿ ಪ್ರಮಾಣ ಮಾಡಿ ಹೇಳಿದ್ದೇನೆ. ವಕೀಲರೇ, ಬರೆದುಕೊಳ್ಳಿ. ಗೊತ್ತಿತ್ತು.

ನಕಲಿ ಮಾರಿದ ಅಂಗಡಿಗಳ ಜಾಡು ಹಿಡಿದು ಶೆಡ್ಡಿಗೆ ಪೊಲೀಸರು ನುಗ್ಗಿದಾಗ ಮಾಲೀಕ ಹಿಂಬಾಗಿಲಿನಿಂದ ಓಡಿದ. ಅಕ್ಕ ಓಡಲಿಲ್ಲ. ಅವಳ ಕೈಯಲ್ಲಿದ್ದ ಗಿಟಾರಿನ ಅಂಟು ಇನ್ನೂ ಆರಿರಲಿಲ್ಲವಂತೆ, ಬಿಟ್ಟರೆ ಕತ್ತು ಸೊಟ್ಟಗಾಗುತ್ತಿತ್ತಂತೆ. ಹಿಡಿದುಕೊಂಡೇ ನಿಂತಿದ್ದಳಂತೆ. ಹಾಗಾಗಿ ಆರೋಪಿ ಅವಳೊಬ್ಬಳೇ.

ನಿರ್ದೇಶಕರೇ, ಕೋರ್ಟಿನ ಅನುಮತಿ ಪಡೆದು ಆ ಇನ್ನೂರ ಹನ್ನೆರಡನ್ನು ರೋಡ್ ರೋಲರಿನ ಕೆಳಗೆ ಹಾಕಿದಿರಿ. ಮೊದಲ ಸಾಲು ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಪಕ್ಕದವನು ತಟ್ಟುವಾಗ ಕೈ ಸುಮ್ಮನಿರುವುದಿಲ್ಲ.

ಕಾರ್ಖಾನೆ ಉಳಿಯಿತೇ? ಉಳಿಯಿತೇ, ಸಂಗಾತಿಗಳೇ? ಕಳೆದ ಸೋಮವಾರ ಗೇಟಿಗೆ ನೋಟಿಸು ಅಂಟಿಸಿದ್ದಾರೆ. ತಿಂಗಳ ಕೊನೆಗೆ ಬೀಗ. ಇನ್ನು ಮುಂದೆ ಅಸಲಿ ಗಿಟಾರು ಕೂಲಿ ಅಗ್ಗವಿರುವ ಇನ್ನೊಂದು ದೇಶದಲ್ಲಿ ತಯಾರಾಗುತ್ತದೆ. ಅಚ್ಚುಹಲಗೆಗಳು ಆಗಲೇ ಹಡಗು ಹತ್ತಿವೆ. ಅಲ್ಲಿ ಯಾರ ಅಕ್ಕನೋ ಕೂತು ಬಿರಡೆ ಜಡಿಯುತ್ತಾಳೆ, ಯಾಕೆಂದು ಅವಳಿಗೆ ಗೊತ್ತಿರುವುದಿಲ್ಲ. ನಾನು ಒಂದು ಒಲೆ ಆರಿಸಿದೆ. ಮುನ್ನೂರನ್ನು ನೀವು ಆರಿಸಿದಿರಿ, ನಿರ್ದೇಶಕರೇ. ಲೆಕ್ಕ ಚುಕ್ತಾ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ‘ವಿಷಯಕ್ಕೆ ಬನ್ನಿ’ ಎಂದಿದೆ. ಬಂದೆ, ಸ್ವಾಮಿ.

ನಾಳೆ ಹನ್ನೊಂದಕ್ಕೆ ತೀರ್ಪು. ದೂರು ಕಂಪನಿಯದು. ಹಿಂದಕ್ಕೆ ಪಡೆಯಲು ಒಂದು ಸಹಿ ಸಾಕು ಎಂದು ಅಕ್ಕನ ಪರವಾದ ವಕೀಲರು ಹೇಳಿದ್ದಾರೆ. ನಿರ್ದೇಶಕರೇ, ನಾಲ್ಕು ಸಲ ನಿಮ್ಮ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತು ಬಂದೆ. ಸಭೆಯಲ್ಲಿ ಕೇಳಿದರೆ ನಾಚಿಕೆಗಾದರೂ ಹೂಂ ಅಂದೀರಿ ಎಂದು ಈ ಬಿರುದಿಗೆ ತಲೆಬಾಗಿದೆ. ಮೊನ್ನೆ ಜೈಲಿನ ಜಾಲರಿಯಾಚೆ ಅಕ್ಕನಿಗೆ ಇದನ್ನು ಹೇಳಿದಾಗ, “ನನಗೋಸ್ಕರ ಅವರ ಹತ್ರ ಕೈ ಚಾಚ್ಬೇಡ. ನಿನ್ನಿಂದ ಇನ್ನೇನೂ ಬೇಡ ನನಗೆ” ಎಂದು ಎದ್ದುಹೋದಳು. ಅವಳು ಬೇಡವೆಂದರೂ ಕೇಳುತ್ತಿದ್ದೇನೆ. ಗೇಟಿನ ಮುಂದೆ ಎಂದೂ ಕೇಳದ ದನಿಯಲ್ಲಿ ಕೇಳುತ್ತಿದ್ದೇನೆ. ದೂರು ಹಿಂದಕ್ಕೆ ಪಡೆಯಿರಿ.

ಯಾಕೆ ಎದ್ದಿರಿ? ವಿಮಾನಕ್ಕೆ ಹೊತ್ತಾಯಿತೇ? ಆ ಬಾಗಿಲು ತಳ್ಳಿದರೆ ತೆಗೆಯುವುದಿಲ್ಲ ಸಾರ್, ಎಳೆಯಬೇಕು.

ಹಾಂ. ಹಾಗೆ.

ಸಭಿಕರೇ, ಕೇಳಬೇಕಾದವರು ಹೊರಟುಹೋದರು. ನನ್ನ ಹತ್ತಿರ ಬೇರೆ ಮಾತಿಲ್ಲ. ಕೂತು ಕೇಳಿಸಿಕೊಂಡದ್ದಕ್ಕೆ, ಉಳಿದವರಿಗೆ ಧನ್ಯವಾದ, ನಮಸ್ಕಾರ.